ದವಡೆಯಲ್ಲಿದ್ದ ಮೊಳೆಗಳು

ನಮ್ಮ ಭಾವ ಹಳೆಯ ಸೋಫಾಗಳಿಗೆ ಹೊಸ ಬಟ್ಟೆ ಹಾಕುವ ಕೆಲಸದವರು. ಮಾತಿನಲ್ಲಿ ಮಹಾ ಜಿಪುಣ. ಕೆಲಸಕ್ಕೆ ಕೂತರೆ ಒಂದಿಷ್ಟು ಸಣ್ಣ ಮೊಳೆಗಳನ್ನು ದವಡೆಗೆ ಹಾಕಿಕೊಂಡುಬಿಡುತ್ತಿದ್ದರು. ಒಂದು ಕೈ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು, ಇನ್ನೊಂದು ಕೈಯಲ್ಲಿ ಸುತ್ತಿಗೆ. ಹಾಗಾಗಿ ನಾಲಿಗೆಯಿಂದಲೇ ಮೊಳೆ ತಿರುಗಿಸಿ ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಗೆ ಅಂಟಿಸಿ ಬಡಿಯುತ್ತಿದ್ದರು. ಅವರ ಜೊತೆಗೇ ಕೆಲಸ ಮಾಡುತ್ತಿದ್ದರೂ ನನಗೆ ಆ ವಿದ್ಯೆ ಹತ್ತಲೇ ಇಲ್ಲ.

ಅಕ್ಕ ನಗುತ್ತಿದ್ದಳು. "ನಿಮ್ ಭಾವಂಗೆ ನನ್ನ ಬೈಬೇಕು ಅಂದ್ರೂ ಮೊದ್ಲು ಮೊಳೆ ಉಗೀಬೇಕು ಕಣೋ. ಅಷ್ಟ್ರಲ್ಲಿ ಸಿಟ್ಟೇ ಇಳ್ದಿರತ್ತೆ."

ಆ ದಿನ ಗಿರಾಕಿಯೊಬ್ಬಳು ಬೆಳಗಿನಿಂದ ಫೋನಿನಲ್ಲಿ ಜೀವ ತಿನ್ನುತ್ತಿದ್ದಳು. ಮನೆಗೆ ನೆಂಟರು ಬರುತ್ತಾರೆ, ಸೋಫಾ ಈಗಲೇ ಬೇಕು. ತಳದ ಬಟ್ಟೆಯ ಒಂದು ಅಂಚಿಗೆ ಇನ್ನೂ ಮೊಳೆ ಹೊಡೆಯುವುದಿತ್ತು. ಅಲ್ಲಿಗೇ ಹೋಗಿ ಹೊಡೆದರಾಯಿತು ಎಂದು ಭಾವ ಕೈಸನ್ನೆ ಮಾಡಿ ವ್ಯಾನ್ ಹತ್ತಿ ಸ್ಟೀರಿಂಗ್ ಹಿಡಿದರು. ದವಡೆಯ ಮೊಳೆಗಳು ದವಡೆಯಲ್ಲೇ ಉಳಿದವು. ಅವರಿಗದು ಬಾಯಲ್ಲಿ ಹಲ್ಲಿದ್ದಷ್ಟೇ ಸಹಜ. ದಿನಾ ನೋಡುವ ನನಗೂ ಏನೂ ಅನ್ನಿಸಲಿಲ್ಲ.

ಸೋಫಾದ ಕಾಲುಗಳು ವ್ಯಾನಿನಿಂದ ಹೊರಗೆ ಚಾಚಿದ್ದವು. ಅದಕ್ಕೊಂದು ಕೆಂಪು ಬಟ್ಟೆ ಕಟ್ಟಬೇಕೆಂಬುದು ಕಾನೂನು. ಕಟ್ಟಿರಲಿಲ್ಲ, ತಪ್ಪು ನಮ್ಮದೇ. ಸಿಗ್ನಲ್ ಬಳಿ ಪೊಲೀಸನೊಬ್ಬ ಅಡ್ಡ ಹಾಕಿದ. ಇನ್ನೂ ಹರೆಯದವನು.

"ಏನಪ್ಪಾ, ಹಿಂದೆ ಬರೋರ ಕಣ್ಣು ಕೀಳ್ಬೇಕಂತಾನಾ? ಲೈಸೆನ್ಸ್ ತೆಗಿ."

ದಂಡ ಹಾಕಿದ್ದರೆ ಕಟ್ಟಿ ಹೋಗುತ್ತಿದ್ದೆವು. ಭಾವ ಒಂದು ನಿಮಿಷ ತಾಳಿ ಎಂಬಂತೆ ಬೆರಳೆತ್ತಿ, ಮೊಳೆ ಉಗಿಯಲು ಡಬ್ಬಿಗಾಗಿ ಕಾಲ ಬುಡದಲ್ಲಿ ತಡಕಾಡಿದರು.

"ಕೇಳಿದ್ರೆ ಬೆರಳು ತೋರಿಸ್ತೀಯಾ? ಕೈ ಮೇಲೆತ್ತು!" ಅವನ ಕಣ್ಣು ಭಾವನ ಉಬ್ಬಿದ ಕೆನ್ನೆಯ ಮೇಲೆ ಬಿತ್ತು. "ಬಾಯಲ್ಲೇನೋ ಅದು? ಮಾಲು ನುಂಗ್ತಿದೀಯಾ?"

"ಮೊಳೆ ಸಾರ್," ಎಂದೆ. "ಸೋಫಾಗೆ ಹೊಡಿಯೋ ಮೊಳೆ."

"ಮೊಳೆ ತಿಂತಾನಾ ಇವ್ನು? ನನ್ನೇನು ಪೆದ್ದ ಅಂದ್ಕೊಂಡ್ಯಾ?"

ಹೇಳಿದ್ದು ನಿಜ, ಅವನಿಗೆ ಕೇಳಿಸಿದ್ದು ಗೇಲಿ. ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು, ಯಾರೋ ಮೊಬೈಲ್ ಎತ್ತಿ ಹಿಡಿದರು. ಅಷ್ಟು ಜನರೆದುರು ಸೋಲಲು ಅವನಿಗೆ ಮನಸ್ಸಾಗಲಿಲ್ಲ. ಬಾಗಿಲು ತೆಗೆದವನೇ ಭಾವನ ಕೊರಳಪಟ್ಟಿ ಹಿಡಿದು ಕೆಳಗೆಳೆದ.

ಭಾವ ತುಟಿ ಬಿಗಿದುಕೊಂಡರು. ಎಳೆದಾಟದಲ್ಲಿ ಬಾಯಿ ಬಿಟ್ಟರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಅವನಿಗದು ಮೊಂಡುತನವಾಗಿ ಕಂಡಿತು. ವ್ಯಾನಿಗೆ ಒತ್ತಿ ಹಿಡಿದು, ನುಂಗಬಾರದೆಂದು ಗಂಟಲು ಹಿಸುಕಿದ. ನಾನು ಅವನ ತೋಳಿಗೆ ಜೋತುಬಿದ್ದು "ಬಿಡಿ ಸಾರ್, ಬಿಡಿ" ಎಂದು ಕಿರುಚಿದೆ. ಕೊನೆಗೆ ಬಿಟ್ಟ. ಉಸಿರಿಗಾಗಿ ಒದ್ದಾಡುತ್ತಿದ್ದ ಭಾವ ಬಾಯಿ ತೆರೆದು ದೊಡ್ಡದಾಗಿ ಉಸಿರೆಳೆದರು. ಉಸಿರಿನ ಜೊತೆ ಮೊಳೆಗಳೂ ಒಳಗೆ ಹೋದವು.

"ನಾಟ್ಕ ಆಡ್ಬೇಡ, ಏಳು," ಎಂದ, ಭಾವ ರಸ್ತೆಗೆ ಕುಸಿದಾಗ. ರಕ್ತದ ಜೊತೆ ಒಂದು ಮೊಳೆ ಅವನ ಬೂಟಿನ ಪಕ್ಕ ಬಿತ್ತು. ಆಮೇಲೆ ನನ್ನ ಜೊತೆ ಅವನೂ ಭಾವನನ್ನು ಎತ್ತಿದ, ಅದನ್ನು ಇಲ್ಲವೆನ್ನಲಾರೆ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ಭಾವನನ್ನು ಆಪರೇಷನ್ ಕೋಣೆಗೆ ಕರೆದೊಯ್ದರು. ಓಡಿ ಬಂದ ಅಕ್ಕ ಆ ಬಾಗಿಲಿಗೇ ಅಂಟಿಕೊಂಡು ನಿಂತಳು. ಎಕ್ಸ್‌ರೇ ಹಾಳೆ ನನ್ನ ಕೈಯಲ್ಲಿತ್ತು. ಪೊಲೀಸ್ ಅದನ್ನು ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಎದೆಗೂಡಿನ ನಡುವೆ ಮೊಳೆಗಳು ಬೆಳ್ಳಗೆ ಕಾಣುತ್ತಿದ್ದವು. ಬಹಳ ಹೊತ್ತು ನೋಡಿದ.

"ಮೊದ್ಲೇ ಸರಿಯಾಗಿ ಹೇಳ್ಬಾರ್ದಿತ್ತಾ?" ಎಂದ.

ನನ್ನ ಮೈಯೆಲ್ಲ ಉರಿದುಹೋಯಿತು. ಅವನನ್ನು ಅಲ್ಲೇ ಕೊಂದುಬಿಡಬೇಕು ಅನ್ನಿಸಿತು. ಮುಷ್ಟಿ ಎತ್ತಿ ಅವನತ್ತ ನುಗ್ಗಿದೆ. ಅವನ ಕೈ ಸೊಂಟದ ಲಾಠಿಗೆ ಹೋಯಿತು.

ಅಷ್ಟರಲ್ಲಿ ಅಕ್ಕ ನಡುವೆ ಬಂದಳು. ಅವಳ ಹಿಂದೆ ಬಾಗಿಲು ತೆರೆದಿತ್ತು, ಡಾಕ್ಟರು ತಲೆ ತಗ್ಗಿಸಿ ನಿಂತಿದ್ದರು.

"ಅವ್ರು ಹೋದ್ರು ಕಣೋ," ಎಂದಳು ನನಗೆ. "ನೀನಾದ್ರೂ ಮನೆಗೆ ಬಾ."

ಆಮೇಲೆ ನನ್ನ ಮುಷ್ಟಿಯನ್ನು ತನ್ನೆರಡು ಅಂಗೈಗಳ ನಡುವೆ ಅದುಮಿ ಹಿಡಿದುಕೊಂಡೇ ಅವನಿಗೆ ಕೈಮುಗಿದಳು.

"ತಪ್ಪಾಯ್ತು ಸಾರ್."