ಹನ್ನೊಂದನೆಯವಳು

ಬುಗುರಿ ಎಂಬುದು ಅವಳ ಹೆಸರಲ್ಲ. ನಡೆಯಲು ಕಲಿತ ದಿನದಿಂದಲೇ ನಿಂತಲ್ಲಿ ನಿಲ್ಲದೆ ಗಿರಗಿರ ತಿರುಗುತ್ತಿದ್ದವಳಿಗೆ ಅಕ್ಕ ಇಟ್ಟ ಅಡ್ಡಹೆಸರು. ಆ ತಿರುಗಾಟವನ್ನೇ ಡಿಗ್ರಿ ಮಾಡಿಕೊಳ್ಳಲು ಹೊರಟ ಮೇಲೂ ಮನೆಯಲ್ಲಿ ಅದೇ ಉಳಿಯಿತು. ಕಾಲೇಜಿನಲ್ಲಿ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕಾಲೇಜಿಗೆ ಗೊತ್ತಿಲ್ಲದ ಸಂಗತಿಗಳು ಇನ್ನೂ ಕೆಲವು ಇದ್ದವು.

ನೃತ್ಯದ ಡಿಗ್ರಿಯ ಮೂರನೆಯ ವರ್ಷದಲ್ಲಿ ಆರು ವಾರ ವೃತ್ತಿ ಅಭ್ಯಾಸ. ದಿನವಿಡೀ ನಿಂತು ದುಡಿಯುವ ಜನರಿರುವ ಕಡೆ ಹೋಗಿ, ವಾರಕ್ಕೆರಡು ಮಧ್ಯಾಹ್ನ ಮೈ ಸಡಿಲಿಸುವ ಪಾಠ ಮಾಡಬೇಕು. ಕೊನೆಯ ವಾರ ಅವರದೇ ಕೆಲಸದಿಂದ ಒಂದು ಪುಟ್ಟ ನೃತ್ಯ ಕಟ್ಟಿ ತೋರಿಸಬೇಕು. ಪ್ರತಿ ಶುಕ್ರವಾರ ‘ಈ ವಾರ ನಾನು ಕಲಿತದ್ದು’ ಎಂದು ಒಂದು ಪುಟ ಬರೆದು ಕೊಡಬೇಕು. ಯಾರಿಗೆ ಯಾವ ಜಾಗ ಎಂದು ಚೀಟಿ ಎತ್ತಿದರು. ಒಬ್ಬಳಿಗೆ ಅಂಚೆ ಕಚೇರಿ ಬಂತು, ಒಬ್ಬನಿಗೆ ಬೇಕರಿ. ಬುಗುರಿಯ ಚೀಟಿಯಲ್ಲಿ ದೊಡ್ಡಾಸ್ಪತ್ರೆಯ ಲಾಂಡ್ರಿ ಎಂದಿತ್ತು.

ಅಕ್ಕ ಒಂಬತ್ತು ವರ್ಷದಿಂದ ದುಡಿಯುತ್ತಿದ್ದ ಜಾಗ ಅದೇ.

“ನಮ್ಮಲ್ಲಿಗಾ! ನಮ್ಮಲ್ಲಿಗೇನೇ?” ಎಂದು ಅಕ್ಕ ಅವತ್ತು ಸಂಜೆ ಹಿಡಿದ ಪಾತ್ರೆಯನ್ನು ಹಾಗೇ ಬಿಟ್ಟು ಬಂದಳು. “ಅಲ್ಲಿ ನೆಲ ಒದ್ದೆ ಇರುತ್ತೆ, ಬರಿಗಾಲಲ್ಲಿ ಜಾರ್ತೀಯ. ಬಟ್ಟೆ ಇಡೋ ಕೋಣೆ ಖಾಲಿ ಮಾಡಿಸ್ತೀನಿ ಇರು. ಇಸ್ತ್ರಿಯಮ್ಮನಿಗೆ ಹೇಳಿದ್ರೆ ಸಾಕು, ಎಲ್ಲರನ್ನೂ ಎಳ್ಕೊಂಡು ಬರ್ತಾಳೆ.”

ಬುಗುರಿ ನಕ್ಕಳು. ಆದರೆ ನೆನಪಾದದ್ದು ಆ ಅರ್ಜಿ. ಮೊದಲ ವರ್ಷ ಸೇರುವಾಗ ಅರ್ಜಿಯಲ್ಲಿ ಮನೆಯವರ ಕೆಲಸ ಕೇಳಿದ್ದರು. ಅಮ್ಮ ಹೋದ ಮೇಲೆ ಮನೆಯವರು ಎಂದರೆ ಅಕ್ಕ ಒಬ್ಬಳೇ. ‘ಆಸ್ಪತ್ರೆಯಲ್ಲಿ’ ಎಂದಷ್ಟೇ ಬರೆದಳು. ಉಪನ್ಯಾಸಕಿ ಅದನ್ನು ಓದಿ “ನರ್ಸಾ?” ಎಂದಿದ್ದರು. ಬುಗುರಿ ಹೌದೂ ಅಲ್ಲದ, ಅಲ್ಲವೂ ಅಲ್ಲದ ಹಾಗೆ ಅರ್ಧ ತಲೆಯಾಡಿಸಿದ್ದಳು. ಆ ಅರ್ಧ ತಲೆಯಾಟ ಮೂರು ವರ್ಷದಲ್ಲಿ ಬೆಳೆದು ಪೂರ್ತಿ ನರ್ಸ್ ಆಗಿತ್ತು. ಅದಕ್ಕೆ ಬಿಳಿ ಬೂಟು, ಪಾಳಿ, ಸಿಡುಕು ಡಾಕ್ಟರು ಎಲ್ಲ ಬಂದು ಸೇರಿದ್ದವು. ಯಾವ ಆಸ್ಪತ್ರೆ ಎಂದು ಯಾರೂ ಕೇಳಿರಲಿಲ್ಲ, ಅದೊಂದು ಪುಣ್ಯ.

ಮೊದಲ ದಿನ ಉಪನ್ಯಾಸಕಿ ಜೊತೆಗೆ ಬಂದರು. ಬಟ್ಟೆ ಇಡುವ ಕೋಣೆ ಗುಡಿಸಿ ಒರೆಸಿ ತಯಾರಾಗಿತ್ತು. ಗೋಡೆಗೆ ತಾಗಿ ಕಬ್ಬಿಣದ ಕಪಾಟುಗಳು, ಸಾಬೂನು ಮತ್ತು ಬಿಸಿ ಹತ್ತಿಯ ವಾಸನೆ. ಬೂದು ಮೇಲಂಗಿ ತೊಟ್ಟ ಹನ್ನೊಂದು ಹೆಂಗಸರು ಶಾಲೆಯ ಮಕ್ಕಳಂತೆ ಸಾಲುಸಾಲಾಗಿ ನಿಂತಿದ್ದರು. ಮುಂದಿನ ಸಾಲಿನಲ್ಲಿ ಅಕ್ಕ. ತಲೆ ನೀಟಾಗಿ ಬಾಚಿಕೊಂಡಿದ್ದಳು. ಇಸ್ತ್ರಿ ರೋಲರಿನಿಂದ ಸುಟ್ಟ ಗೆರೆಗಳಿದ್ದ ಕೈಯನ್ನು ಮೇಲಂಗಿಗೆ ಒರೆಸಿಕೊಳ್ಳುತ್ತ, ಬಾಯ್ತುಂಬ ನಗುತ್ತ, ಒಂದು ಹೆಜ್ಜೆ ಮುಂದಿಟ್ಟಳು.

ಅದೇ ಹೊತ್ತಿಗೆ ಉಪನ್ಯಾಸಕಿ ಕೇಳಿದರು: “ಇಲ್ಲಿ ನಿನಗೆ ಯಾರಾದ್ರೂ ಪರಿಚಯ ಇದ್ದಾರಾ?”

“ಇಲ್ಲ ಮೇಡಂ,” ಎಂದಳು ಬುಗುರಿ. “ಯಾರೂ ಗೊತ್ತಿಲ್ಲ.”

ಅಕ್ಕನ ಕಾಲು ಎತ್ತಿದ್ದು ಎತ್ತಿದಂತೆ ನಿಂತಿತು. ಆಮೇಲೆ ಸದ್ದಿಲ್ಲದೆ ಹಿಂದಕ್ಕೆ ಹೋಯಿತು. ಆ ದಿನದಿಂದ ಅವಳು ಕೊನೆಯ ಸಾಲಿನಲ್ಲೇ ನಿಂತಳು.

ಮನೆಗೆ ಹೋಗುವ ದಾರಿಯುದ್ದಕ್ಕೂ ಬುಗುರಿ ಒಂದು ಸಬೂಬು ಹೊಸೆದಳು. “ಸಂಬಂಧಿಕರು ಗುಂಪಲ್ಲಿ ಇರಬಾರದು ಅಂತ ಕಾಲೇಜಲ್ಲಿ ನಿಯಮ ಅಕ್ಕಾ. ಗೊತ್ತಾದ್ರೆ ನಂಬರ್ ಕಡಿತಾರೆ.”

“ಅದನ್ನ ಮೊದಲೇ ಬೊಗಳೋಕೇನಾಗಿತ್ತು ನಿಂಗೆ?” ಎಂದಳು ಅಕ್ಕ. “ಸುಮ್ನೆ ಹಲ್ಲು ಕಿರ್ಕೊಂಡು ಮುಂದೆ ಬಂದ್ನಲ್ಲ ನಾನು. ಸರಿ ಬಿಡು, ನಿನ್ನ ನಂಬರಿಗೆ ನಾನ್ಯಾಕೆ ಕಲ್ಲು ಹಾಕ್ಲಿ.” ಅಷ್ಟೇ. ಮತ್ತೆ ಆ ಮಾತೆತ್ತಲಿಲ್ಲ. ಅಷ್ಟು ಸಲೀಸಾಗಿ ನಂಬಿದಳಲ್ಲ ಎಂದು ಬುಗುರಿಗೆ ಮೊದಲು ಹಾಯೆನಿಸಿತು. ಊಟಕ್ಕೆ ಕೂತಾಗ ಮಾತ್ರ ಅಕ್ಕನ ಮುಖ ನೋಡದೆ, ತಟ್ಟೆ ನೋಡಿಕೊಂಡೇ ಉಂಡಳು.

ಪಾಠ ಚೆನ್ನಾಗಿಯೇ ನಡೆಯಿತು. ಭಾರ ಎತ್ತುವಾಗ ಮಂಡಿ ಬಗ್ಗಿಸಬೇಕು, ಸೊಂಟವನ್ನಲ್ಲ ಎಂದು ಅವಳು ಹೇಳಿಕೊಟ್ಟ ದಿನ, ಬಾಯಿಬಡುಕಿ ಎಂದೇ ಹೆಸರಾದ ಒಬ್ಬಳು “ಮೇಡಂ, ನಮ್ಮ ಸೊಂಟ ಯಾವತ್ತೋ ಡಿಗ್ರಿ ಮುಗಿಸಿ ಈಗ ಪಿಂಚಣಿ ಕೇಳ್ತಾ ಇದೆ” ಎಂದು ಎಲ್ಲರನ್ನೂ ನಗಿಸಿದಳು. ಅಕ್ಕನೂ ನಕ್ಕಳು. ಅಕ್ಕನೂ ಎಲ್ಲರ ಜೊತೆ “ಸರಿ ಮೇಡಂ” ಎನ್ನುತ್ತಿದ್ದಳು. ಬುಗುರಿ ಅವಳ ಭುಜ ತಿದ್ದುವಾಗ “ಸ್ವಲ್ಪ ಕೆಳಗೆ ಬಿಡಿ” ಎಂದು ಬಹುವಚನ ಹಚ್ಚಿ ಮಾತಾಡುತ್ತಿದ್ದಳು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟ ಅಕ್ಕ ಬುಗುರಿಯನ್ನು ಹೊತ್ತು ಓಡಾಡಿದ ಭುಜ ಅದು. ಬೆರಳ ತುದಿಯಿಂದ, ಬೇರೆಯವರ ಸಾಮಾನು ಮುಟ್ಟುವಂತೆ ಮುಟ್ಟುತ್ತಿದ್ದಳು.

ಶುಕ್ರವಾರದ ಪುಟಗಳಲ್ಲಿ ‘ದುಡಿಯುವ ಮೈಯನ್ನು ಗೌರವದಿಂದ ಕಾಣಲು ಕಲಿತೆ’ ಎಂದು ಬರೆದಳು. ಉಪನ್ಯಾಸಕಿ ಅದರ ಕೆಳಗೆ ಕೆಂಪು ಶಾಯಿಯಲ್ಲಿ ‘ಬಹಳ ಚೆನ್ನ’ ಎಂದು ಬರೆದರು. ಆ ಪುಟವನ್ನು ಅವಳು ಚೀಲದ ತಳಕ್ಕೆ ಹಾಕಿದಳು. ಅಕ್ಕ ಕಾಲೇಜಿನ ಕಾಗದವೆಂದರೆ ಒಂದನ್ನೂ ಬಿಡದೆ, ಅಕ್ಷರಕ್ಕೆ ಬೆರಳಿಟ್ಟು ಓದುವವಳು. ಅವಳ ಕೈಗೆ ಸಿಗಬಾರದಿತ್ತು.

ಕೊನೆಯ ವಾರ ಉಪನ್ಯಾಸಕಿ ನಂಬರ್ ಹಾಕುವ ಹಾಳೆ ಹಿಡಿದು ಮೂಲೆಯ ಕುರ್ಚಿಯಲ್ಲಿ ಕೂತರು. ಬುಗುರಿ ಕಟ್ಟಿದ ನೃತ್ಯ ಸರಳವಾದದ್ದು. ಇಬ್ಬಿಬ್ಬರು ಎದುರುಬದುರು ನಿಂತು, ಇಲ್ಲದ ಬೆಡ್‌ಶೀಟನ್ನು ಮಡಚುವುದು. ತುದಿ ಹಿಡಿದು ಕೊಡವುವುದು, ಹತ್ತಿರ ಬರುವುದು, ತುದಿ ದಾಟಿಸುವುದು, ಬಗ್ಗಿ ಮಡಿಕೆ ಎತ್ತುವುದು. ಅಭ್ಯಾಸದಲ್ಲಿ ಅಕ್ಕನನ್ನು ಒಂಟಿಯಾಗಿ ಕಪಾಟಿನ ಹತ್ತಿರ ನಿಲ್ಲಿಸಿ, ಮಡಚಿದ್ದನ್ನು ಜೋಡಿಸುವ ಕೆಲಸ ಕೊಟ್ಟಿದ್ದಳು. ಹನ್ನೊಂದು ಜನ, ಜೋಡಿ ಹೊಂದುವುದಿಲ್ಲ ಎಂಬ ನೆಪ.

“ಇವರನ್ನ್ಯಾಕೆ ಒಂಟಿ ಬಿಟ್ಟಿದ್ದೀಯ?” ಎಂದರು ಉಪನ್ಯಾಸಕಿ. “ಇವರ ಜೋಡಿ ನೀನೇ ನಿಲ್ಲು.”

ಬೇರೆ ದಾರಿ ಇರಲಿಲ್ಲ. ಎದುರಿಗೆ ಹೋಗಿ ನಿಂತಳು. ಒಂದು, ಎರಡು ಎಂದು ಎಣಿಕೆ ಶುರುವಾಯಿತು.

ಮನಸ್ಸು ಬೇಡವೆಂದರೂ ಮೈ ಕೇಳಬೇಕಲ್ಲ. ಯಾರು ಬಲದ ತುದಿ, ಯಾರು ಎಡ, ಯಾವಾಗ ಬಗ್ಗುವುದು, ಯಾವಾಗ ಬಿಡುವುದು ಎಲ್ಲ ಇಬ್ಬರ ಕೈಗೂ ಬಾಯಿಪಾಠ. ಬುಗುರಿ ಮೊಣಕಾಲೆತ್ತರ ಇದ್ದಾಗಿನಿಂದ ಮನೆಯ ಹೊದಿಕೆಗಳನ್ನು ಮಡಚಿದ್ದು ಇವರಿಬ್ಬರೇ. ಆಗೆಲ್ಲ ಅಕ್ಕ ಕೊನೆಯಲ್ಲಿ ಬೇಕೆಂತಲೇ ಬಟ್ಟೆಯನ್ನು ಫಟ್ಟನೆ ಎಳೆಯುತ್ತಿದ್ದಳು. ಪುಟ್ಟ ಬುಗುರಿ ಮುಗ್ಗರಿಸಿ ಬಂದು ಅವಳ ಹೊಟ್ಟೆಗೆ ಡಿಕ್ಕಿ ಹೊಡೆದು ಕಿಲಕಿಲ ನಗುತ್ತಿದ್ದಳು. ಈಗ ಆ ಗಳಿಗೆ ಬಂತು. ಬುಗುರಿಯ ಮೈ ತಾನಾಗಿ ಮುಂದಕ್ಕೆ ವಾಲಿತು. ಅಕ್ಕನ ಕೈ ಎಳೆಯಲಿಲ್ಲ. ಇಲ್ಲದ ಬಟ್ಟೆಯನ್ನು ಮರ್ಯಾದೆಯಿಂದ ಅವಳ ಕೈಗಿಟ್ಟು, ಕಣ್ಣು ಕೆಳಗೆ ಹಾಕಿ ಹಿಂದೆ ಸರಿದಳು.

ಉಪನ್ಯಾಸಕಿ ಕುರ್ಚಿಯಿಂದ ಎದ್ದೇಬಿಟ್ಟರು. “ಆರು ವಾರದಲ್ಲಿ ಇಂಥ ಹೊಂದಾಣಿಕೆ ನಾನು ನೋಡೇ ಇಲ್ಲ! ಅಮ್ಮಾ, ನೀವು ಮೊದಲು ಎಲ್ಲಾದ್ರೂ ಕಲ್ತಿದ್ರಾ?”

“ಇಲ್ಲ ಮೇಡಂ. ಮನೇಲಿ ತಂಗಿ ಜೊತೆ ಮಡಚಿ ಮಡಚಿ ರೂಢಿ.”

“ತಂಗಿ ಏನು ಮಾಡ್ತಾಳೆ?”

“ಓದ್ತಾಳೆ.”

“ಏನು ಓದ್ತಿದ್ದಾಳೆ?”

ಹೆಂಗಸರೆಲ್ಲ ತಲೆ ತಗ್ಗಿಸಿದರು. ಬಾಯಿಬಡುಕಿ ಕೂಡ ನೆಲ ನೋಡುತ್ತಿದ್ದಳು. ಅಕ್ಕ ಮೇಲಂಗಿಯ ಗುಂಡಿ ತಿರುವುತ್ತ ನಿಂತಳು. ತಂಗಿಯ ಯಾವ ಪರೀಕ್ಷೆ ಯಾವ ದಿನ, ಯಾವ ಹೆಜ್ಜೆ ಇನ್ನೂ ಕೂತಿಲ್ಲ, ಯಾವ ಗೆಳತಿ ಮಾತು ಬಿಟ್ಟಿದ್ದಾಳೆ ಎಲ್ಲವೂ ನಾಲಿಗೆ ತುದಿಯಲ್ಲಿದ್ದ ಅಕ್ಕ, “ಏನೋ ಮೇಡಂ. ನಂಗೆ ಅದೆಲ್ಲ ತಿಳಿಯಲ್ಲ” ಎಂದು ಪೆಚ್ಚು ನಗೆ ನಕ್ಕಳು.

ಆ ನಗೆಯನ್ನು ಬುಗುರಿಗೆ ನೋಡಲಾಗಲಿಲ್ಲ.

“ಆ ತಂಗಿ ನಾನೇ ಮೇಡಂ,” ಎಂದಳು.

ಉಪನ್ಯಾಸಕಿಯ ಹುಬ್ಬು ಮೇಲೇರಿತು. “ನಿನ್ನ ಅಕ್ಕ ನರ್ಸ್ ಅಲ್ವಾ?”

ಬುಗುರಿಯ ಕಿವಿ ಬಿಸಿಯಾಯಿತು.

“ಮೊದಲ ದಿನ ಕೇಳಿದ್ನಲ್ಲ, ಯಾರೂ ಗೊತ್ತಿಲ್ಲ ಅಂದೆ?”

“ನಿಯಮ ಅಂತೆ ಮೇಡಂ,” ಎಂದು ಅಕ್ಕನೇ ಅಡ್ಡ ಬಂದಳು. “ಸಂಬಂಧಿಕರು ಇರಬಾರದಂತೆ. ಅವಳದ್ದೇನೂ ತಪ್ಪಿಲ್ಲ. ನಂಬರ್ ಕಡೀಬೇಡಿ.”

“ಅಂಥ ನಿಯಮ ಎಲ್ಲಿದೆ?” ಎಂದರು ಉಪನ್ಯಾಸಕಿ ನಿಜವಾದ ಆಶ್ಚರ್ಯದಿಂದ. “ಅಂಚೆ ಕಚೇರಿಗೆ ಹೋದವಳ ಗುಂಪಲ್ಲಿ ಅವಳ ಚಿಕ್ಕಪ್ಪನೇ ಇದ್ದಾರೆ.”

ಅಕ್ಕ ತಂಗಿಯ ಕಡೆ ತಿರುಗಿದಳು. ಬೈಗುಳವಿರಲಿಲ್ಲ, ಕಣ್ಣಲ್ಲಿ ನೀರಿರಲಿಲ್ಲ. ಕೂಡಿಸಿದ ಲೆಕ್ಕ ತಪ್ಪೆಂದು ತಿಳಿದವರು ಅದನ್ನು ಮತ್ತೆ ಮೊದಲಿಂದ ಕೂಡಿಸುವ ಹಾಗೆ, ಆರು ವಾರವನ್ನೂ ಅವಳು ಒಂದೊಂದಾಗಿ ನೆನೆಯುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು.

“ನಮಗೆಲ್ಲ ಗೊತ್ತಿತ್ತು ಬುಗುರಿ,” ಎಂದಳು ಇಸ್ತ್ರಿಯಮ್ಮ ಮೆಲ್ಲಗೆ. ಹೊರಗಿನವರ ಬಾಯಲ್ಲಿ ಮನೆಯ ಹೆಸರು ಕೇಳಿ ಬುಗುರಿ ಬೆಚ್ಚಿದಳು. “ನೀನು ಬರ್ತೀಯ ಅಂತ ನಿಮ್ಮಕ್ಕ ಒಂದು ತಿಂಗಳು ನಮ್ಮ ಕಿವಿ ತಿಂದಿದ್ಳು. ನಿನ್ನ ಫೋಟೋ ನೋಡದವರು ಇಲ್ಲಿ ಯಾರಿದ್ದಾರೆ? ಆಮೇಲೆ ಅವಳೇ, ನಿಯಮ ಕಣ್ರೇ, ಯಾರೂ ಬಾಯಿ ಬಿಡಬೇಡಿ ಅಂದ್ಳು.”

“ನಾನೂ ಬಿಡ್ಲಿಲ್ಲ,” ಎಂದಳು ಬಾಯಿಬಡುಕಿ. “ಆರು ವಾರ! ನನ್ನ ಗಂಡ ಕೂಡ ನಂಬಲ್ಲ.” ಯಾರೂ ನಗಲಿಲ್ಲ.

ಹತ್ತು ಮಂದಿ ಪರರು ತನ್ನ ಸುಳ್ಳನ್ನು ಇಷ್ಟು ದಿನ ಜೋಪಾನ ಮಾಡಿದ್ದರು. ತಾನು “ಸ್ವಲ್ಪ ಕೆಳಗೆ ಬಿಡಿ” ಎಂದಾಗಲೆಲ್ಲ ಅವರು ಕೇಳಿಸಿಕೊಂಡಿದ್ದರು. ಬುಗುರಿಗೆ ತನ್ನ ಕೈಕಾಲನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ನಿಲ್ಲುವುದು ಹೇಗೆಂದು ಮೂರು ವರ್ಷ ಕಲಿತವಳು ಅವಳು.

“ರೋಲರ್ ಹತ್ರ ರಾಶಿ ಬಿದ್ದಿದೆ,” ಎಂದು ಅಕ್ಕ ಯಾರಿಗೂ ಅಲ್ಲದ ಹಾಗೆ ಹೇಳಿ ಹೊರಗೆ ಹೋದಳು.

ಉಪನ್ಯಾಸಕಿ ಹಾಳೆ ನೋಡಿದರು, ಗಡಿಯಾರ ನೋಡಿದರು. “ಇನ್ನೂ ಹದಿನೈದು ನಿಮಿಷ ಇದೆ. ನೃತ್ಯ ಪೂರ್ತಿ ಮುಗಿಸಿದ್ರೇನೇ ನಂಬರ್ ಹಾಕೋಕಾಗೋದು.”

“ಬರ್ತೀನಿ ಮೇಡಂ,” ಎಂದ ಬುಗುರಿ ಉತ್ತರಕ್ಕೂ ಕಾಯದೆ ಅಕ್ಕನ ಹಿಂದೆ ಓಡಿದಳು.

ಯಂತ್ರಗಳ ಕೋಣೆಯಲ್ಲಿ ಕಿವಿ ಕಿವುಡಾಗುವ ಸದ್ದು. ಹಬೆ, ಸೆಕೆ. ತಳ್ಳುಗಾಡಿಗಳ ತುಂಬ ಒದ್ದೆ ಬಟ್ಟೆಯ ಗುಡ್ಡೆಗಳು. ಅಕ್ಕ ರೋಲರಿಗೆ ಬಟ್ಟೆ ಕೊಡುತ್ತಿದ್ದಳು. ಬುಗುರಿ ಪಕ್ಕ ಹೋಗಿ ನಿಂತರೂ ತಿರುಗಲಿಲ್ಲ.

“ಅಕ್ಕಾ.”

“ನಿಯಮ ಇಲ್ವಂತಲ್ಲ.”

“ಇಲ್ಲ.”

“ಮತ್ತೆ ಯಾಕೆ?”

ಬುಗುರಿ ತುಟಿ ಅಲುಗಿಸಿದಳು.

“ಏನು? ಕೇಳಿಸ್ತಿಲ್ಲ.”

“ನಾಚಿಕೆ ಆಯ್ತು ಅಕ್ಕಾ.”

“ಜೋರಾಗಿ ಹೇಳೇ. ಇಲ್ಲಿ ಪಿಸುಗುಟ್ಟಿದ್ರೆ ಯಾರಿಗೆ ಕೇಳುತ್ತೆ?”

“ನಿನ್ನ ಕೆಲಸ ಹೇಳ್ಕೊಳ್ಳೋಕೆ ನಂಗೆ ನಾಚಿಕೆ ಆಯ್ತು!” ಎಂದು ಬುಗುರಿ ಕಿರುಚಿದಳು. ಗಾಡಿ ತಳ್ಳುತ್ತಿದ್ದವನೊಬ್ಬ ನಿಂತು ನೋಡಿದ. “ನರ್ಸ್ ಅಂತ ಹೇಳಿದ್ದೆ! ಮೂರು ವರ್ಷದಿಂದ!”

“ಕೇಳಿಸ್ತು,” ಎಂದಳು ಅಕ್ಕ. “ಮೊದಲನೇ ಸಲವೇ ಕೇಳಿಸ್ತು. ನಿನ್ನ ಬಾಯಿಂದ ಒಂದ್ಸಲ ಜೋರಾಗಿ ಬರ್ಲಿ ಅಂತ.” ಬಟ್ಟೆಯ ಅಂಚನ್ನು ಎಳೆದು ನೇರ ಮಾಡಿ ರೋಲರಿಗೆ ಕೊಟ್ಟಳು. “ನರ್ಸ್ ಅಂತೆ. ಒಂದು ಸೂಜಿ ಕಂಡ್ರೆ ತಲೆ ಸುತ್ತುತ್ತೆ ನಂಗೆ” ಎಂದಳು. ನಗೆಯಂಥದ್ದೇನೋ ಬಂದು ಅರ್ಧಕ್ಕೇ ನಿಂತಿತು.

“ನೀನೂ ಬಾ ಅಕ್ಕಾ. ಎಲ್ಲ ನಿಂತಿದ್ದಾರೆ.”

“ನಾನು ಬರಲ್ಲ.” ಅಕ್ಕ ಒದ್ದೆ ಬಟ್ಟೆಯೊಂದನ್ನು ಜೋರಾಗಿ ಕೊಡವಿದಳು. “ಇವತ್ತು ಬರಲ್ಲ. ತಂಗಿ ತಂಗಿ ಅಂತ ಹೇಳ್ಕೊಂಡು ತಿರುಗಿದೋಳು ನಾನು. ನಂಗೂ ಒಂದು ಮುಖ ಅಂತ ಇದೆ, ಅವರಿಗೆ ಹೇಗೆ ತೋರಿಸ್ಲಿ? ನೀನು ಹೋಗು. ಅವರ ಕಾಲು ನೋಯುತ್ತೆ, ಬೆಳಗ್ಗೆಯಿಂದ ನಿಂತಿದ್ದಾರೆ. ಕೂರಿಸು ಮೊದಲು.”

ಬುಗುರಿ ಅಲ್ಲೇ ನಿಂತಳು. ಅಕ್ಕ ಮುಂದಿನ ಬಟ್ಟೆ ಎತ್ತಿಕೊಂಡಳು, ಅದರ ಮುಂದಿನದನ್ನೂ. ಬುಗುರಿ ತಿರುಗಿ ನಡೆದಳು. ಓಡಿ ಬಂದ ಕಾರಿಡಾರೇ, ಇಪ್ಪತ್ತು ಹೆಜ್ಜೆ. ಆ ತುದಿಯ ಬಾಗಿಲಿನಾಚೆ ಹತ್ತು ಜನ, ಒಂದು ಕುರ್ಚಿ, ಒಂದು ಹಾಳೆ. ಕೆನ್ನೆ ಸುಡುತ್ತಿತ್ತು. ಮುಖ ಒರೆಸಿಕೊಳ್ಳಲು ಎತ್ತಿದ ಕೈಯನ್ನು ಹಾಗೇ ಇಳಿಸಿ, ಬಾಗಿಲು ತಳ್ಳಿ ಒಳಗೆ ಹೋದಳು.

“ಎಲ್ಲರೂ ಕೂತ್ಕೊಳ್ಳಿ,” ಎಂದಳು. “ಅಕ್ಕ ಹೇಳಿದ್ಳು.”