ಆರನೇ ಸ್ಥಾನದ ಕುರ್ಚಿ

ನಾನು ಒಂದು ಕುರ್ಚಿ. ಕುಳಿತು ಆಯಾಸ ಕಳೆಯುವ ಕುರ್ಚಿ ಅಲ್ಲ. ನನ್ನಿಂದ ಬೆವರದೆ ಇಳಿದವರು ಯಾರೂ ಇಲ್ಲ. ಆಸ್ಪತ್ರೆಯ ಗಾಲಿಕುರ್ಚಿ ನೋಡಿದವರು ನನ್ನನ್ನೂ ಅದೇ ಗುಂಪಿಗೆ ಸೇರಿಸುತ್ತಾರೆ. ಆ ತಪ್ಪನ್ನು ಮೊದಲೇ ತಿದ್ದಿಬಿಡುತ್ತೇನೆ. ಆಸ್ಪತ್ರೆಯ ಕುರ್ಚಿಯನ್ನು ಹಿಂದಿನಿಂದ ಬೇರೆಯವರು ನೂಕುತ್ತಾರೆ. ನನಗೆ ಹಿಂದೆ ಹಿಡಿಕೆಯೇ ಇಲ್ಲ. ನಾನು ಬಾಸ್ಕೆಟ್‌ಬಾಲ್ ಆಡುವ ಕುರ್ಚಿ.

ಹುಟ್ಟಿದ್ದು ಬೆಳಗಾವಿಯ ಉದ್ಯಮಬಾಗದಲ್ಲಿ, ಬಸಲಿಂಗ ಕಮ್ಮಾರರ ತಗಡಿನ ಶೆಡ್ಡಿನಲ್ಲಿ. ಅವರು ಗೇಟು, ಕಿಟಕಿಯ ಸರಳು, ಕಬ್ಬಿನ ಹಾಲಿನ ಗಾಡಿ ಮಾಡುತ್ತಿದ್ದರು. ಒಂದು ದಿನ ರುದ್ರವ್ವ ಹಟ್ಟಿಹೊಳಿ ಎಂಬ ಹೆಂಗಸು ಅಲ್ಲಿಗೆ ಬಂದಳು. ಎರಡು ವರ್ಷದ ಮಗುವಾಗಿದ್ದಾಗಲೇ ಪೋಲಿಯೊ ಅವಳ ಕಾಲುಗಳ ಬಲ ಕಿತ್ತುಕೊಂಡಿತ್ತು. ಕೇಂದ್ರ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕುಳಿತು ಬಸ್ಸುಗಳನ್ನು ಸಾರುವುದು ಅವಳ ಉದ್ಯೋಗ. ಬೆಳಿಗ್ಗೆ ಬೆಳಿಗ್ಗೆ ಮಾರ್ಕಂಡೇಯ ಕ್ಲಬ್ಬಿನ ಹೆಂಗಸರ ಜೊತೆ ಬಾಸ್ಕೆಟ್‌ಬಾಲ್ ಆಡುತ್ತಿದ್ದಳು. ಉಳಿದವರಿಗೆ ಯಾರೋ ಕೊಟ್ಟ ವಿದೇಶಿ ಕುರ್ಚಿಗಳಿದ್ದವು. ಇವಳ ಪಾಲಿಗೆ ಬಂದದ್ದು ಆಸ್ಪತ್ರೆಯ ಹಳೆಯ ಕುರ್ಚಿ.

ಅವಳು ಶೆಡ್ಡಿನ ನೆಲದ ಮೇಲೆ ಕುಳಿತು ಸೀಮೆಸುಣ್ಣದಲ್ಲಿ ನನ್ನ ಚಿತ್ರ ಬರೆದಳು. ನಾನು ಮೊದಲು ಇದ್ದದ್ದು ಅಲ್ಲಿಯೇ, ಬಿಳಿ ಗೆರೆಗಳಾಗಿ. ಬಸಲಿಂಗರು ಕತ್ತು ಓರೆ ಮಾಡಿ ನೋಡಿದರು.

"ತಂಗಿ, ಗಾಲಿ ಹಿಂಗ ಸೊಟ್ಟ ಕುಂದ್ರಿಸಿದ್ರ ಮಂದಿ ನನಗ ಕೆಲಸ ಬರೂದಿಲ್ಲ ಅಂತಾರ."

"ಸೊಟ್ಟನ ಇರಬೇಕಣ್ಣ. ನೆಟ್ಟಗಿದ್ರ ಗರ್‍ರನೆ ತಿರುಗೂವಾಗ ಮಗ್ಗಲಾಗಿ ಬೀಳತೈತಿ."

ಸೊಂಟದ ಅಳತೆ ತೆಗೆದುಕೊಳ್ಳಲು ಬಸಲಿಂಗರು ನಾಚಿದರು. ಟೇಪು ಹೆಂಡತಿ ನೀಲವ್ವನ ಕೈಗೆ ಕೊಟ್ಟು, ಬೆನ್ನು ತಿರುಗಿಸಿ ನಿಂತು, ಆಕೆ ಹೇಳಿದ ಅಂಕಿಗಳನ್ನು ಗೋಡೆಯ ಮೇಲೆ ಬರೆದರು. ಹಳೆಯ ರೇಸ್ ಸೈಕಲ್ಲುಗಳ ಪೈಪು ನನ್ನ ಎಲುಬಾಯಿತು. ಟೆಂಪೊದ ಸೀಟ್ ಬೆಲ್ಟು ಅವಳ ತೊಡೆಗಳನ್ನು ನನಗೆ ಬಿಗಿಯುವ ಪಟ್ಟಿಯಾಯಿತು. ಹನ್ನೊಂದನೆಯ ದಿನ ರುದ್ರವ್ವ ನನ್ನ ಮೇಲೆ ಕುಳಿತು ಶೆಡ್ಡಿನೊಳಗೇ ಒಂದು ಸುತ್ತು ಹೊಡೆದಳು. ಗ್ರೈಂಡರ್ ಆರಿಸಿ ನೋಡುತ್ತಿದ್ದ ಬಸಲಿಂಗರು, "ಇದೇನ ಓಡತೈತೇವ," ಎಂದರು. ನಾನು ಕೇಳಿದ ಮೊದಲ ಹೊಗಳಿಕೆ ಅದು.

ಒಮ್ಮೆ ಅಭ್ಯಾಸ ಮುಗಿದದ್ದು ತಡವಾಗಿ, ಅವಳು ನನ್ನ ಮೇಲೆಯೇ ನೇರ ಬಸ್ ನಿಲ್ದಾಣಕ್ಕೆ ಹೋದಳು. ಧಾರವಾಡದ ಬಸ್ಸು ಕೇಳುತ್ತಿದ್ದ ನೀಲಿ ಅಂಗಿಯ ಮುದುಕರೊಬ್ಬರು ಮರುಗಿ, ಅವಳ ಮಡಿಲಿಗೆ ಹತ್ತರ ನೋಟು ಹಾಕಿ ಹೋಗಿಬಿಟ್ಟರು. ರುದ್ರವ್ವ ಒಳಗೆ ಹೋಗಿ ಮೈಕು ಹಾಕಿದಳು. "ಪ್ರಯಾಣಿಕರ ಗಮನಕ್ಕೆ. ಧಾರವಾಡದ ಬಸ್ಸಿಗೆ ಕಾಯುತ್ತಿರುವ ನೀಲಿ ಅಂಗಿಯ ಹಿರಿಯರು ತಮ್ಮ ಹತ್ತು ರೂಪಾಯಿಯನ್ನು ವಿಚಾರಣೆ ಕೌಂಟರಿನ ಸಿಬ್ಬಂದಿಯ ಮಡಿಲಲ್ಲಿ ಮರೆತಿದ್ದಾರೆ. ದಯವಿಟ್ಟು ಬಂದು ತೆಗೆದುಕೊಂಡು ಹೋಗಬೇಕು." ಮೂರು ಸಲ ಸಾರಿದಳು. ಮುದುಕರು ಬಂದು ನೋಟು ತೆಗೆದುಕೊಂಡರು. "ತಪ್ಪಾತವ್ವ," ಎಂದರು. "ಇರಲಿ ಅಜ್ಜಾ, ಬಸ್ಸು ನಾಕನೇ ಫಲಾಟಿನ್ಯಾಗೈತಿ, ಲಗೂ ಹೋಗ್ರಿ," ಎಂದಳು. ನನ್ನ ಒಡತಿ ಎಂಥವಳೆಂದು ನನಗೆ ಅಂದೇ ತಿಳಿಯಿತು.

ಮೂರನೆಯ ವರ್ಷ ಖಂಡಾಂತರ ಕ್ಲಬ್ ಚಾಂಪಿಯನ್‌ಶಿಪ್ಪಿಗೆ ಕರೆ ಬಂತು. ನಾಲ್ಕು ಖಂಡಗಳಿಂದ ಎರಡೆರಡು ಮಹಿಳಾ ಕ್ಲಬ್ಬುಗಳು ಗಾಲಿಕುರ್ಚಿಯ ಮೇಲೆ ಆಡುವ ಪಂದ್ಯಾವಳಿ ಅದು. ಏಷ್ಯಾದಲ್ಲಿ ನಮ್ಮದು ಮೂರನೇ ಸ್ಥಾನ. ಎರಡನೆಯವರು ಬರಲಾಗದೆ ಹಿಂದೆ ಸರಿದರು. ಬೇರೆಯವರು ಬಿಟ್ಟ ಜಾಗ ಎಂದು ಆಡಿಕೊಂಡವರಿದ್ದರು. "ಬಸ್ಸಿನ್ಯಾಗ ಸೀಟು ಖಾಲಿ ಆದ್ರ ನಿಂತವರು ಕುಂದ್ರೂದಿಲ್ಲೇನು?" ಎಂದಳು ರುದ್ರವ್ವ. ಸೈನ್ಯದಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದ ಶಿಂತ್ರಿ ಸರ್ ನಮ್ಮ ಕೋಚ್. ಅವರ ಹಿಂದೆ ನಾವೆಲ್ಲ ಕೀನ್ಯಾ ದೇಶದ ಮೊಂಬಾಸಾಕ್ಕೆ ಹೊರಟೆವು.

ಆಟಕ್ಕೆ ಮೊದಲು ಆಟಗಾರ್ತಿಯರ ತಪಾಸಣೆ, ಆಮೇಲೆ ಕುರ್ಚಿಗಳದ್ದು. ದೇಹದಲ್ಲಿ ಎಷ್ಟು ಬಲವಿದೆ ಎಂದು ನೋಡಿ ಪ್ರತಿಯೊಬ್ಬರಿಗೂ ಅಂಕ ಕೊಡುತ್ತಾರೆ, ಬಲ ಹೆಚ್ಚಿದ್ದಷ್ಟೂ ಅಂಕ ಹೆಚ್ಚು. ಬಲ ಕಡಿಮೆ ಇದ್ದವರು ಎತ್ತರದಲ್ಲಿ ಕೂರಬಹುದು, ಹೆಚ್ಚಿದ್ದವರು ತಗ್ಗಿನಲ್ಲಿ. ನಮ್ಮ ದೇಶದ ತಪಾಸಣೆಯಲ್ಲಿ ರುದ್ರವ್ವನಿಗೆ ಮೂರು ಅಂಕ ಇತ್ತು. ಅಲ್ಲಿನ ವೈದ್ಯರು ಅವಳನ್ನು ಬಗ್ಗಿಸಿ, ತಿರುಗಿಸಿ, ಮೂರೂವರೆ ಎಂದರು. ಆ ಅರ್ಧ ಅಂಕ ನನ್ನ ಕುತ್ತಿಗೆಗೆ ಬಂತು. ಅಳತೆಯ ಅಧಿಕಾರಿ ಹಾಲೆಂಡಿನ ನರೆಗೂದಲ ಹೆಂಗಸು. ಅವಳು ಮಂಡಿಯೂರಿ ನನ್ನ ಸೀಟಿಗೆ ಪಟ್ಟಿ ಹಿಡಿದಳು. ಮೂರೂವರೆಯವರಿಗೆ ಐವತ್ತೆಂಟು ಸೆಂಟಿಮೀಟರ್ ಮಿತಿ. ನಾನು ಅರುವತ್ತೂವರೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಮೊದಲ ಪಂದ್ಯ.

ಸಂಘಟಕರು ಬದಲಿ ಕುರ್ಚಿಯೊಂದನ್ನು ತಂದರು. ಹೊಳೆಯುವ ಕುರ್ಚಿ, ದೊಡ್ಡ ಗಂಡಸಿನ ಅಳತೆಯದು. ಅದರಲ್ಲಿ ರುದ್ರವ್ವ ಬುಟ್ಟಿಯಲ್ಲಿಟ್ಟ ಬದನೆಕಾಯಿಯಂತೆ ಅತ್ತಿತ್ತ ಉರುಳಿದಳು.

"ಹಠ ಮಾಡಬ್ಯಾಡ ರುದ್ರವ್ವಾ, ಎರಡು ದಿನ ಹೊಂದಿಸಿಕೋ," ಎಂದರು ಶಿಂತ್ರಿ ಸರ್.

"ಹಠ ಅಲ್ಲ ಸರ. ಇದರಾಗ ಕುಂತ್ರ ನಾ ಆಟಾ ನೋಡಾಕ ಬಂದಾಕಿ ಆಗತೀನಿ. ನನ್ನ ಕುರ್ಚಿನ ಗಿಡ್ಡ ಮಾಡಸೂಣು. ಈ ಊರಾಗೂ ಕಬ್ಬಿಣ ಬೆಸಿಯೋರು ಇರತಾರ."

ಇದ್ದರು. ಮಧ್ಯಾಹ್ನ ಮೂರು ಗಂಟೆಗೆ, ಬಂದರಿನ ದಾರಿಯಲ್ಲಿ, ಆಟೊರಿಕ್ಷಾ ದುರಸ್ತಿ ಮಾಡುವ ಓಮಾರಿ ಎಂಬಾತ ಸಿಕ್ಕಿದ. ಅವನು ನನ್ನನ್ನು ತಲೆಕೆಳಗು ಮಾಡಿ ತಟ್ಟಿ ನೋಡಿ, ಪೈಪು ತೆಳು, ಸುಟ್ಟು ತೂತು ಬಿದ್ದೀತು ಎಂದ. ರುದ್ರವ್ವ ನೆಲದ ಮೇಲೆ ಇಳಿದು ಕುಳಿತು, ಮೊಬೈಲಿನಲ್ಲಿ ಬಸಲಿಂಗರನ್ನು ಹಿಡಿದಳು. ಪರದೆಯ ಮೇಲೆ ಬೆಳಗಾವಿಯ ಶೆಡ್ಡು ಕಾಣಿಸಿತು.

"ನಾ ಹಚ್ಚಿದ ವೆಲ್ಡಿಂಗ್ ಮುಟ್ಟಬ್ಯಾಡ ಅನ್ನು," ಎಂದರು ಬಸಲಿಂಗರು. "ಅದರ ಕೆಳಗ, ಸೀಟು ಹೊತ್ತ ನಾಕೂ ಕಾಲಿನ್ಯಾಗ ಮೂರು ಸೆಂಟಿಮೀಟರ್ ಕೊಯ್ಯಲಿ. ಒಳಗ ಸಣ್ಣ ಪೈಪಿನ ತುಣುಕು ತೂರಿಸಿ ಮ್ಯಾಲೆ ಬೆಸೀಲಿ. ಉರಿ ಸಣ್ಣದಿರಲಿ."

ರುದ್ರವ್ವ ಇಂಗ್ಲಿಷಿನಲ್ಲಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಓಮಾರಿ ಸಣ್ಣ ಪೈಪಿನ ತುಣುಕು ಹುಡುಕಿ ಪರದೆಗೆ ತೋರಿಸುತ್ತಿದ್ದ. ಬಸಲಿಂಗರ ಕೈ ನೋಡಿಯೇ ಅವನಿಗೆ ಅರ್ಥವಾಗಿತ್ತು. "ಹಾಂ, ಅದ, ಅದ," ಎಂದರು ಇವರು. ಗರಗಸ ನನ್ನ ಕಾಲಿಗೆ ಬಂತು. ನೋವಾಯಿತೇ ಎಂದು ಕೇಳಬೇಡಿ. ಮರುದಿನ ಮೂಲೆಯಲ್ಲಿ ಕೂರುವುದಕ್ಕಿಂತ ಅದು ವಾಸಿ ಎಂದಷ್ಟೇ ಹೇಳಬಲ್ಲೆ. ಎರಡು ತಾಸು ಬಸಲಿಂಗರು ಪರದೆಯಿಂದ ಕದಲಲಿಲ್ಲ.

ಬೆಳಿಗ್ಗೆ ಅಧಿಕಾರಿ ಮತ್ತೆ ಪಟ್ಟಿ ಹಿಡಿದಳು. ಐವತ್ತೇಳೂವರೆ. ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಿ, ಹಸಿರು ಚೀಟಿ ಅಂಟಿಸಿದಳು.

ಆದರೆ ಮೂರು ಸೆಂಟಿಮೀಟರ್ ಅಂದರೆ ಸಣ್ಣ ಮಾತಲ್ಲ. ರುದ್ರವ್ವನ ಕೈಗಳಿಗೆ ಗುರಿ ಇದ್ದದ್ದು ಹಳೆಯ ಎತ್ತರದಿಂದ. ಮೊದಲ ಎರಡು ಪಂದ್ಯಗಳಲ್ಲಿ ಅವಳು ಎಸೆದ ಚೆಂಡುಗಳು ರಿಂಗಿನ ಮುಂಭಾಗಕ್ಕೆ ಬಡಿದು ವಾಪಸ್ಸು ಬಂದವು. ಎರಡೂ ಸೋತೆವು. ತಂಡದ ಗೆಳತಿ ಫರೀದಾ, ಹೊಸ ಕುರ್ಚಿ ತಗೊಂಡಿದ್ರ ಆಗತಿತ್ತೇನೋ ಎಂದಳು. ರುದ್ರವ್ವ ಬಿಸಿಲಿನಲ್ಲಿ ಹೊರಗಿನ ಅಂಗಳಕ್ಕೆ ಹೋಗಿ, ಒಂದೇ ಜಾಗದಿಂದ ಮುನ್ನೂರು ಸಲ ಎಸೆದಳು. ಅವಳ ಹೆಗಲಿನ ನಡುಕ ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಮುನ್ನೂರರಲ್ಲಿ ಕಡೆಯ ಇಪ್ಪತ್ತು ಎಸೆತಗಳು ಒಂದೇ ಸಮ ಒಳಗೆ ಬಿದ್ದವು.

ಮೂರನೆಯ ಪಂದ್ಯ ಬ್ರೆಜಿಲ್ ದೇಶದ ರೆಸಿಫೆ ಊರಿನ ಕ್ಲಬ್ಬಿನ ಮೇಲೆ. ಅವರ ಕುರ್ಚಿಗಳು ನನಗಿಂತ ಮೂರು ಕಿಲೊ ಹಗುರ. ನಾನು ಭಾರ. ಆ ದಿನ ಭಾರವೇ ನನ್ನ ಗುಣವಾಯಿತು. ರುದ್ರವ್ವ ನನ್ನನ್ನು ಅವರ ದಾರಿಗೆ ಅಡ್ಡ ನಿಲ್ಲಿಸಿದರೆ ಅವರು ನನ್ನನ್ನು ಸರಿಸಲಾರರು. ಆ ಸಂದಿನಲ್ಲಿ ಫರೀದಾ ನುಗ್ಗಿ ಚೆಂಡು ಹಾಕುತ್ತಿದ್ದಳು. ನಲವತ್ತೇಳು, ನಲವತ್ತೇಳು. ಒಂಬತ್ತು ಸೆಕೆಂಡು ಉಳಿದಿತ್ತು. ರುದ್ರವ್ವ ಚೆಂಡು ಹಿಡಿದು ಹೊರಟಳು. ಮಗ್ಗುಲಿನಿಂದ ಒಂದು ಕುರ್ಚಿ ಬಂದು ಬಡಿಯಿತು. ನಾನೂ ಅವಳೂ ಒಟ್ಟಿಗೆ ನೆಲಕ್ಕೆ ಬಿದ್ದೆವು. ಸೀಟಿ ಮೊಳಗಿತು. ತಪ್ಪು ಅವರದೇ, ನಮಗೆ ಎರಡು ಉಚಿತ ಎಸೆತ.

ಪ್ರೇಕ್ಷಕರು ಅಯ್ಯೋ ಎಂದು ಎದ್ದು ನಿಂತರು. ಶಿಂತ್ರಿ ಸರ್ ಎತ್ತಲು ಓಡಿ ಬಂದರು.

"ಮುಟ್ಟಬ್ಯಾಡ್ರಿ ಸರ."

ಬಲಗೈ ನೆಲಕ್ಕೆ ಊರಿ, ಎಡಗೈಯಲ್ಲಿ ನನ್ನ ಗಾಲಿ ಹಿಡಿದು, ಒಮ್ಮೆ ತೂಗಿ, ನನ್ನ ಸಮೇತ ಎದ್ದಳು. ಮೊದಲ ಎಸೆತ ರಿಂಗಿಗೆ ಬಡಿದು ಹೊರಗೆ ಹೋಯಿತು. ಎರಡನೆಯದು ಸದ್ದಿಲ್ಲದೆ ಒಳಗಿಳಿಯಿತು. ಅವರ ಕಡೆಯ ಪ್ರಯತ್ನ ಗುರಿ ತಪ್ಪಿತು. ಒಂದು ಅಂಕದಿಂದ ಗೆದ್ದೆವು.

ಆ ಗೆಲುವಿನಿಂದ ಸಿಕ್ಕ ಐದನೇ ಸ್ಥಾನದ ಪಂದ್ಯದಲ್ಲಿ ಪೋರ್ಚುಗಲ್ಲಿನ ಕ್ಲಬ್ಬಿಗೆ ಸೋತೆವು. ಎಂಟರಲ್ಲಿ ಆರನೆಯವರಾದೆವು.

ಸಮಾರೋಪದ ದಿನ ವೇದಿಕೆಯಿಂದ ನಮ್ಮ ಕ್ಲಬ್ಬಿನ ಹೆಸರು ಕರೆದರು. ಪಟ್ಟಿಯಲ್ಲಿಲ್ಲದ ಒಂದು ವಿಶೇಷ ಬಹುಮಾನ, ಸ್ಫೂರ್ತಿ ಪ್ರಶಸ್ತಿಯಂತೆ. ಕೈಯಿಂದ ಮಾಡಿದ ಕುರ್ಚಿಯಲ್ಲಿ ಬಂದ ಬಡ ಸೋದರಿಯರು, ಬಿದ್ದು ಎದ್ದ ಧೀರೆ ಎಂದೆಲ್ಲ ಹೇಳಿದರು. ಕೆಲವರು ಕಣ್ಣು ಒರೆಸಿಕೊಂಡರು. ರುದ್ರವ್ವ ನನ್ನನ್ನು ಮುಂದಕ್ಕೆ ಓಡಿಸಿ, ಬಹುಮಾನಕ್ಕೆ ಕೈ ಚಾಚದೆ, ಮೈಕು ಕೇಳಿದಳು. ಅವಳ ಇಂಗ್ಲಿಷ್ ಚಿಕ್ಕ ಚಿಕ್ಕ ವಾಕ್ಯಗಳದ್ದು. ಬಸ್ ಸಾರುವಷ್ಟೇ ಸ್ಪಷ್ಟವಾಗಿ ಸಾರಿದಳು.

"ಬೀಳುವುದು ಈ ಆಟದಲ್ಲಿ ದಿನಾ ಇದ್ದದ್ದೇ. ಇಲ್ಲಿರುವ ಎಲ್ಲರೂ ಬಿದ್ದು ಎದ್ದವರೇ. ಆರನೇ ಸ್ಥಾನ ನಾವು ಆಡಿ ಪಡೆದದ್ದು. ಇದು ನೀವು ಮರುಗಿ ಕೊಡುತ್ತಿರುವುದು. ನಮಗೆ ಆರನೆಯದೇ ಸಾಕು. ಅದನ್ನು ಓದಿ ಹೇಳಿ."

ಶಿಂತ್ರಿ ಸರ್ ಕಾಲ ಬೆರಳು ನೋಡುತ್ತಾ ನಿಂತರು. ಆಗ ರೆಸಿಫೆ ಕ್ಲಬ್ಬಿನ ನಾಯಕಿ ತನ್ನ ಕುರ್ಚಿಯ ಗಾಲಿಯನ್ನು ಅಂಗೈಯಿಂದ ಬಡಿದಳು. ಅವಳ ಪಕ್ಕದವಳು ಬಡಿದಳು. ಎಂಟು ಕ್ಲಬ್ಬುಗಳ ಗಾಲಿಗಳೂ ಸದ್ದು ಮಾಡಿದವು. ಅಧ್ಯಕ್ಷರು ಬಹುಮಾನವನ್ನು ಮೇಜಿನ ಕೆಳಗೆ ಇಟ್ಟು, ಹಾಳೆ ಹುಡುಕಿ, "ಆರನೇ ಸ್ಥಾನ, ಮಾರ್ಕಂಡೇಯ ಕ್ಲಬ್, ಬೆಳಗಾವಿ," ಎಂದು ಓದಿದರು.

ಊರಿನಲ್ಲಿ ಇದಕ್ಕೆ ಅಹಂಕಾರ ಎಂದರು. ಸನ್ಮಾನ ಮಾಡುತ್ತೇವೆ ಎಂದಿದ್ದ ಸಂಘವೊಂದು ಸುಮ್ಮನಾಯಿತು. ರುದ್ರವ್ವ ಮರುದಿನ ಎಂದಿನಂತೆ ಕೆಲಸಕ್ಕೆ ಹೋದಳು.

ಆರು ವರ್ಷ ಅವಳು ನನ್ನನ್ನು ಆಡಿಸಿದಳು. ಆಮೇಲೆ ಅವಳ ಬಲ ಹೆಗಲು ಸವೆದು, ಆಟ ಬಿಟ್ಟು ಕೋಚ್ ಆದಳು. ನನ್ನನ್ನು ಜೈನಾಬಿ ಎಂಬ ನರ್ಸಿಗೆ ಕೊಟ್ಟಳು. ಜೈನಾಬಿ ಒರಟಾಗಿ ಆಡುತ್ತಿದ್ದಳು, ಅದಕ್ಕೇ ನನಗೆ ಇಷ್ಟವಾದಳು. ಅವಳೊಂದಿಗೆ ನಾಲ್ಕು ವರ್ಷ ಕಳೆದ ಮೇಲೆ ನನ್ನ ಹಿಂದಿನ ಪೈಪು ಉದ್ದಕ್ಕೆ ಸೀಳಿತು. ಬಸಲಿಂಗರು ಬೆಳಕಿಗೆ ಹಿಡಿದು ನೋಡಿ, "ಇನ್ನ ಆಡಾಕ ಆಗೂದಿಲ್ಲ," ಎಂದರು. ಆದರೆ ಮೋಡಕಾ ಅಂಗಡಿಯ ಗುಜರಿಗೆ ಹಾಕಲಿಲ್ಲ. ಸೀಳಿಗೆ ಪಟ್ಟಿ ಬಿಗಿದು ಶೆಡ್ಡಿನ ಮೂಲೆಯಲ್ಲಿ ಇಟ್ಟುಕೊಂಡರು. ಈಗ ಅವರು ಕಬ್ಬಿನ ಹಾಲಿನ ಗಾಡಿ ಮಾಡುವುದಿಲ್ಲ. ಬೀದರದಿಂದ ಕಾರವಾರದವರೆಗೆ ಆಡುವವರಿಗೆ ಕುರ್ಚಿ ಮಾಡುತ್ತಾರೆ. ಪ್ರತಿ ಹೊಸ ಕುರ್ಚಿಗೂ ಮೊದಲು ಆಡುವವರನ್ನು ನನ್ನ ಮೇಲೆ ಕೂರಿಸಿ ಅಳತೆ ತೆಗೆಯುತ್ತಾರೆ. ಗೋಡೆಯ ಮೇಲೆ ಅಂಕಿಗಳಿಗೆ ಜಾಗವಿಲ್ಲ.

ನಾನು ಮುದಿಯಾಗಿದ್ದೇನೆ. ನನಗೆ ಅದರ ಬೇಸರವಿಲ್ಲ. ಗೆಲ್ಲದೆಯೂ ತಲೆ ತಗ್ಗಿಸದೆ ಬದುಕಬಹುದೆಂದು ಕಂಡವನು ನಾನು. ಆದರೆ ಸೋಲು ಒಳ್ಳೆಯದೆಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ಐದನೆಯ ಸ್ಥಾನ ಆರನೆಯದಕ್ಕಿಂತ ಮೇಲೆ. ಆ ಪಂದ್ಯದ ಸಿಟ್ಟು ನನ್ನಲ್ಲಿ ಇನ್ನೂ ಇದೆ.

ನಿನ್ನೆ ಗೋಕಾಕದಿಂದ ಲಕ್ಕವ್ವ ಎಂಬ ಕಾಲೇಜು ಹುಡುಗಿ ಬಂದಿದ್ದಳು. ನೀಲವ್ವ ಅಳತೆ ಬರೆದುಕೊಳ್ಳುವಷ್ಟರಲ್ಲಿ ಅವಳು ಗಾಲಿ ಹಿಡಿದು ಒಮ್ಮೆ ಜೋರಾಗಿ ಎಳೆದಳು. ನಾನು ಹಾರಿ ಹೋಗಿ ಬಾಗಿಲಿಗೆ ಗುದ್ದಿದೆ. ತಗಡು ದಡಾರೆಂದಿತು. ಹುಡುಗಿ ಬೆದರಿ ನನ್ನ ಎರಡೂ ಪಕ್ಕ ತಡಕಾಡಿದಳು.

"ಅಣ್ಣಾರ, ಇದಕ್ಕ ಬ್ರೇಕ್ ಎಲ್ಲೈತ್ರಿ?"

"ಬ್ರೇಕ್ ಇರೂದಿಲ್ಲವ್ವ ಇದಕ್ಕ," ಎಂದರು ಬಸಲಿಂಗರು, ತಲೆ ಎತ್ತದೆ. "ನಿಲ್ಲಬೇಕಂದ್ರ ನಿನ್ನ ಕೈಯಿಂದನ ನಿಲ್ಲಸಬೇಕು."

ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು. ಆಮೇಲೆ ನನ್ನನ್ನು ಹಿಂದಕ್ಕೆ ಎಳೆದು, ಬಾಗಿಲು ಪೂರ್ತಿ ತೆರೆಯಲು ನೀಲವ್ವನಿಗೆ ಹೇಳಿದಳು.