ಶಾಲೆಯ ಬಸ್ಸು ವಾಪಸ್ ಬರುವವರೆಗೆ

ವರ್ನಾಳಿಗೆ ತಲೆ ಚಿಟ್ಟು ಹಿಡಿದಿತ್ತು. ಎದುರುಮನೆಯ ಮೇವಿಸ್ ಬೆಳಗ್ಗೆಯೇ ಮೊಮ್ಮಗಳು ಪೈಪರಳನ್ನು ಕಟ್ಟಿಕೊಂಡು ಬಂದು, ಅಡುಗೆಮನೆಯ ಮೇಜಿನ ಮುಂದೆ ಕೂತು, ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವುದರ ಮಹಿಮೆ ಕೊರೆಯುತ್ತಿದ್ದಳು. ಅದೂ ಯಾರಿಗೆ? ವರ್ನಾಳಿಗೆ! ಮಗುವನ್ನು ಶಾಲೆ ಬಿಡಿಸಿದ್ದಾರಂತೆ. ಅಂಥ ಮನೆಗಳವರೆಲ್ಲ ವಾರಕ್ಕೊಮ್ಮೆ ಚರ್ಚಿನ ನೆಲಮಾಳಿಗೆಯಲ್ಲಿ ಸೇರುತ್ತಾರಂತೆ, ವರ್ನಾ ಬಂದು ಗಣಿತ ಹೇಳಿಕೊಡಬೇಕಂತೆ. ಈಗ ಲೈಬ್ರರಿಯವರೇ ಕರೆದು ಪುಸ್ತಕ ಕೊಡುತ್ತಾರಂತೆ, ಊರೆಲ್ಲ ಶಹಬ್ಬಾಸ್ ಅನ್ನುತ್ತದಂತೆ.

ಶಹಬ್ಬಾಸ್ ಅಂತೆ, ಮಣ್ಣು. ಎಂಬತ್ತರ ದಶಕದಲ್ಲಿ, ಇದೇ ಐಯೊವಾ ರಾಜ್ಯದ ಇದೇ ಬೀದಿಯಲ್ಲಿ, ವರ್ನಾ ಮಗಳು ಟ್ರೂಡಿಗೆ ಮನೆಯಲ್ಲಿ ಪಾಠ ಹೇಳುತ್ತಿದ್ದಾಗ ಯಾರೋ ಫೋನ್ ಮಾಡಿ ಚಾಡಿ ಹೇಳಿದ್ದರು. ಮಗುವನ್ನು ಶಾಲೆಗೆ ಕಳಿಸದಿರುವುದು ಆಗ ಅಲ್ಲಿ ಅಪರಾಧ. ಶೆರಿಫನ ಪೊಲೀಸ್ ಕಾರು ಬಾಗಿಲಿಗೇ ಬಂತು. ಗಂಡ ಲಾಕಪ್ಪು ನೋಡಿ ಬಂದ. ಅಲ್ಲಿಂದಾಚೆಗೆ ಹಳದಿ ಬಸ್ಸು ಶಾಲೆಯ ಮಕ್ಕಳನ್ನು ವಾಪಸ್ ತಂದು ಇಳಿಸುವವರೆಗೆ ಟ್ರೂಡಿ ಅಂಗಳಕ್ಕೆ ಕಾಲಿಡುವಂತಿಲ್ಲ, ಪರದೆ ಸರಿಸುವಂತಿಲ್ಲ, ಜೋರಾಗಿ ನಗುವಂತಿಲ್ಲ. ಫೋನ್ ಮಾಡಿದವಳು ಮೇವಿಸ್ ಎಂದು ಶೆರಿಫನೇ ಬಾಯಿಬಿಟ್ಟಿದ್ದ. ಅವಳು ಒಂದೇ ಒಂದು ಸಲ ಒಪ್ಪಿಕೊಳ್ಳಲಿ, ಅಷ್ಟು ಸಾಕು ಎಂದು ವರ್ನಾ ಇಷ್ಟು ವರ್ಷ ಕಾದಿದ್ದಳು.

"ಆಗಿನ ಕಾಲ ಬೇರೆ ಬಿಡೇ," ಎಂದಳು ಮೇವಿಸ್, ಕಾಫಿ ಕಲಕುತ್ತ. "ಜನಕ್ಕೆ ತಿಳುವಳಿಕೆ ಇರ್ಲಿಲ್ಲ."

"ಜನ ಅಂದ್ರೆ ಯಾರೇ, ಮೇವಿಸ್?"

ಮೇವಿಸ್ ದಾಲ್ಚಿನ್ನಿ ಬನ್ನು ಮುರಿದು ಬಾಯಿಗೆ ಹಾಕಿಕೊಂಡಳು. ಬಾಯಿ ತುಂಬಿದ್ದರೆ ಉತ್ತರ ಕೊಡಬೇಕಿಲ್ಲವಲ್ಲ.

ಅಷ್ಟರಲ್ಲಿ, ಬೇಜಾರಾಗಿ ಅಂಗಳಕ್ಕೆ ಓಡಿದ್ದ ಪೈಪರ್ ಕೇಕೆ ಹಾಕಿದಳು. ತಾಯಿಯನ್ನು ನೋಡಲು ಬಂದಿದ್ದ ಟ್ರೂಡಿ ಒಲೆಯ ಬಳಿ ನಿಂತಿದ್ದಳು, ನಲವತ್ತು ದಾಟಿದ ಹೆಂಗಸು. ಕೈಯಲ್ಲಿದ್ದ ಪಾತ್ರೆ ಬಿಟ್ಟು ದಡದಡನೆ ಹೋಗಿ ಹುಡುಗಿಯನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದಳು. ಪರದೆಯನ್ನೂ ಎಳೆದಳು.

"ಶ್, ಬಸ್ ಇನ್ನೂ ವಾಪಸ್ ಬಂದಿಲ್ಲ ಪುಟ್ಟಿ," ಎಂದಳು.

ಅಂದಮೇಲೆ ತಾನೇ ಪೆಚ್ಚಾದಳು. ಮೇವಿಸ್ ಬನ್ನನ್ನು ತಟ್ಟೆಗಿಟ್ಟಳು. ಮುಖ ಕಳೆಗುಂದಿತ್ತು.

"ಫೋನ್ ಮಾಡಿದ್ದು ನಾನೇ," ಎಂದಳು. ಹೇಳಿದ್ದು ವರ್ನಾಳಿಗಲ್ಲ, ಟ್ರೂಡಿಗೆ.

ಕಾದ ಮಾತು ಕೊನೆಗೂ ಬಂತು. ಬಂದು ಏನು ಪ್ರಯೋಜನ? ವರ್ನಾಳ ಹೊಟ್ಟೆ ತಣ್ಣಗಾಗುವ ಬದಲು ಇನ್ನಷ್ಟು ಉರಿಯಿತು. ಲೆಕ್ಕ, ಇತಿಹಾಸ, ವ್ಯಾಕರಣ ಎಲ್ಲಕ್ಕಿಂತ ಗಟ್ಟಿಯಾಗಿ ಮಗಳ ಮೈಯಲ್ಲಿ ಉಳಿದದ್ದು ಈ ಪರದೆಯ ಪಾಠವೇ. ವರ್ನಾ ಎದ್ದು ಪರದೆಯನ್ನು ಸರ್ರನೆ ಸರಿಸಿದಳು, ಬಾಗಿಲನ್ನು ಹಾರುಹೊಡೆದಳು.

"ಹೋಗ್ರೇ, ಇಬ್ರೂ ಹೋಗಿ. ಎಷ್ಟು ಬೇಕೋ ಅಷ್ಟು ಕಿರುಚ್ಕೊಳ್ಳಿ."

ಪೈಪರ್ ಒಂದೇ ಉಸಿರಿಗೆ ಓಡಿದಳು. ಟ್ರೂಡಿ ಹೊಸ್ತಿಲ ಮೇಲೇ ನಿಂತು ಬೀದಿಯ ಎರಡೂ ಕಡೆ ನೋಡಿದಳು.